ಹತ್ತನೆಯವರು ಯಾಕೆ ಬಂದಿಲ್ಲ? ಸಿನಗಾಗ್‌ನಲ್ಲಿ ಮನಸ್ಸಿಗೆ ಆಸರೆ ಕಟ್ಟುವ ಬಗೆ

ವಾರದ ದಿನ ಬೆಳಿಗ್ಗೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಅಂದರೆ ಸಿನಗಾಗ್‌ಗೆ ಹೋದರೆ ಯಾರೋ ಒಬ್ಬರು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ಬಂದವರ ಮೇಲೆ ಕಣ್ಣಾಡಿಸುತ್ತಿರುತ್ತಾರೆ. ಪ್ರಾರ್ಥನೆ ಶುರುವಾಯಿತು ಅಂದುಕೊಳ್ಳಬೇಡಿ. ತಲೆ ಎಣಿಸುತ್ತಿದ್ದಾರೆ. ಸತ್ತವರ ನೆನಪಿಗೆ ಹೇಳುವ ಕದ್ದೀಶ್‌ನಂಥ ಪ್ರಾರ್ಥನೆಗೆ ಕನಿಷ್ಠ ಹತ್ತು ಜನ ವಯಸ್ಕರು ಇರಲೇಬೇಕು. ಈ ಹತ್ತರ ಗುಂಪಿಗೆ ಮಿನ್ಯಾನ್ ಅನ್ನುತ್ತಾರೆ. ಆದರೆ ಮನುಷ್ಯರನ್ನು ಒಂದು, ಎರಡು ಅಂತ ಎಣಿಸಬಾರದು ಅನ್ನುವುದು ಹಳೆಯ ನಂಬಿಕೆ. ಅದಕ್ಕೇ ತಮ್ಮ ಧರ್ಮಗ್ರಂಥದ 28ನೇ ಕೀರ್ತನೆಯ ಕೊನೆಯ ಸಾಲನ್ನು ತಲೆಗೊಂದು ಪದದಂತೆ ಹೇಳುತ್ತಾರೆ. ಹೀಬ್ರೂವಿನಲ್ಲಿ ಆ ಸಾಲಿಗೆ ಸರಿಯಾಗಿ ಹತ್ತು ಪದ. ನಮ್ಮ ಕಣದಲ್ಲಿ ರಾಗಿ ಅಳೆಯುವಾಗ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಾರಲ್ಲ, ಹಾಗೆ.

ಹತ್ತು ಜನ ಬೇಕೇ ಬೇಕು ಅನ್ನುವ ಜಾಗದಲ್ಲಿ ಬಾರದವರು ಬೇಗ ಕಣ್ಣಿಗೆ ಬೀಳುತ್ತಾರೆ. ಮನಸ್ಸು ಕುಗ್ಗಿದವರು ಎಷ್ಟೋ ಸಲ ಮೊದಲು ನಿಲ್ಲಿಸುವುದೇ ಹೊರಗೆ ಬರುವುದನ್ನು. ಈ ಎರಡನ್ನು ಜೋಡಿಸಿದರೆ ಅರ್ಧ ಕೆಲಸ ಆದಂತೆ.

ನಾನು ನ್ಯೂಜೆರ್ಸಿಯಲ್ಲಿರುವವಳು. ಪಕ್ಕದ ಮನೆಯ ಅಜ್ಜಿ ಹತ್ತಿರದ ಸಿನಗಾಗ್‌ನಲ್ಲಿ ಕಷ್ಟದಲ್ಲಿರುವವರನ್ನು ವಿಚಾರಿಸಿಕೊಳ್ಳುವ ಕೇರಿಂಗ್ ಕಮಿಟಿಯಲ್ಲಿದ್ದಾರೆ. ಕತ್ತಲಾದ ಮೇಲೆ ಕಾರು ಓಡಿಸಲು ಅವರಿಗೆ ಕಣ್ಣು ಸಾಲದು. ಹಾಗಾಗಿ ಸೂಪಿನ ಡಬ್ಬಿಯ ಜತೆ ಅವರನ್ನೂ ಕೂರಿಸಿಕೊಂಡು ಓಡಾಡಿದ್ದೇನೆ. ಯಾರ ಮನೆಗೆ, ಯಾಕೆ ಅಂತ ಒಂದು ದಿನವೂ ಅವರು ಹೇಳಿಲ್ಲ. ನಾನು ಕಾರಿನಲ್ಲೇ ಕೂತಿರುತ್ತೇನೆ. ಅವರು ಹೇಳಿಕೊಟ್ಟಿದ್ದು, ನಾನು ನೋಡಿದ್ದು ಎರಡೂ ಸೇರಿಸಿ, ಇಂಥ ಕೆಲಸವನ್ನು ಶುರು ಮಾಡುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಅಂದಹಾಗೆ, ಒಂಟಿತನವೂ ಒಂದು ಆರೋಗ್ಯದ ಸಮಸ್ಯೆ ಅಂತ 2023ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಪರವಾಗಿ ಎಚ್ಚರಿಸಿದ್ದು ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ. ಆಗ ಅವರು ಇಲ್ಲಿನ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರ ಮಾತಾಡುವ ಮುಖ್ಯ ವೈದ್ಯ. ಜನರ ಒಡನಾಟ ಇಲ್ಲದಿರುವುದರಿಂದ ಜೀವಕ್ಕೆ ಆಗುವ ಹಾನಿಯನ್ನು ಅವರ ವರದಿ ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಿತ್ತು.

ಮೊದಲು, ಖಾಲಿ ಕುರ್ಚಿ ನೋಡಿ

ಶನಿವಾರ ಶಬ್ಬತ್, ಅಂದರೆ ವಿಶ್ರಾಂತಿಯ ದಿನ. ಸಂಪ್ರದಾಯ ಪಾಲಿಸುವವರು ಅವತ್ತು ಪೆನ್ನು ಮುಟ್ಟುವುದಿಲ್ಲ. ಹಾಗಾಗಿ ಯಾರು ಬಂದಿಲ್ಲ ಅಂತ ಬರೆದಿಟ್ಟುಕೊಳ್ಳುವ ಹಾಗಿಲ್ಲ. ಅಜ್ಜಿ ಸಾಲು ಸಾಲಾಗಿ ಕುರ್ಚಿ ನೆನಪಿಟ್ಟುಕೊಳ್ಳುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಕಿದ್ದುಷ್ ಅಂತ ತಿಂಡಿ ಇರುತ್ತದೆ. ಅಲ್ಲಿ ಯಾರು ತಟ್ಟೆ ಹಿಡಿದು ಗೋಡೆ ಪಕ್ಕ ಒಬ್ಬರೇ ನಿಂತಿದ್ದರು, ಯಾರು ಕೋಟು ಬಿಚ್ಚದೆ ಹೊರಟರು, ಅದನ್ನೂ ನೋಡುತ್ತಾರೆ. ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಶಬ್ಬತ್ ಮುಗಿಯಿತು. ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಟಿ, ಅದರಲ್ಲಿ ನಾಲ್ಕೈದು ಹೆಸರು.

ಒಂದು ಹೆಸರನ್ನು ಮಾತ್ರ ಎಲ್ಲರೂ ಮರೆಯುತ್ತಾರೆ ಅಂತ ಅಜ್ಜಿ ಹೇಳಿದ್ದರು. ಅಪ್ಪನೋ ಅಮ್ಮನೋ ಹೋದರೆ ಮಕ್ಕಳು 11 ತಿಂಗಳು ಕದ್ದೀಶ್ ಹೇಳುತ್ತಾರೆ. ಅದಕ್ಕೆ ಮಿನ್ಯಾನ್ ಬೇಕು. ಹಾಗಾಗಿ ಎಷ್ಟೋ ಜನ ದಿನಾ ಬರುತ್ತಾರೆ. ಪರಿಚಯ ಆಗುತ್ತದೆ, ಕಾಫಿ ಆಗುತ್ತದೆ. 11 ತಿಂಗಳು ಮುಗಿದ ಮಾರನೇ ದಿನ ಬರಲು ಕಾರಣವೇ ಇರುವುದಿಲ್ಲ. ದುಃಖ ಮಾತ್ರ ಕ್ಯಾಲೆಂಡರ್ ನೋಡುವುದಿಲ್ಲ ಅಲ್ವಾ? ಆ ಹನ್ನೆರಡನೇ ತಿಂಗಳಲ್ಲಿ ಒಂದು ಫೋನ್ ಹೋಗಲೇಬೇಕು.

ಗುಂಪು ಸಣ್ಣದಿರಲಿ, ಬಾಯಿ ಭದ್ರವಾಗಿರಲಿ

ಐದಾರು ಜನ ಸಾಕು. ಎಲ್ಲವನ್ನೂ ಸಿನಗಾಗ್‌ನ ಧರ್ಮಗುರುವಾದ ರಬ್ಬಿಯ ತಲೆಗೆ ಕಟ್ಟಬೇಡಿ. ಅವರು ಧರ್ಮ ಓದಿದವರು, ಮಾನಸಿಕ ವೈದ್ಯರಲ್ಲ. ಸಭೆಯಲ್ಲಿ, ಅಂದರೆ ಸಿನಗಾಗ್‌ಗೆ ಬರುವವರಲ್ಲಿ, ಯಾರಾದರೂ ಥೆರಪಿಸ್ಟ್ ಇದ್ದರೆ ಗುಂಪಿಗೆ ಸಲಹೆ ಕೊಡಲಿ. ಅದೇ ಸಭೆಯವರಿಗೆ ಚಿಕಿತ್ಸೆ ಕೊಡುವುದು ಬೇಡ. ಶನಿವಾರ ಪಕ್ಕದಲ್ಲೇ ಕೂರುವವರ ಮುಂದೆ ಬುಧವಾರ ಹೇಗೆ ಅಳುವುದು?

ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ ಯಹೂದಿಗಳಲ್ಲಿ ಬಿಕೂರ್ ಖೋಲೀಮ್ ಅಂತ ಹೆಸರಿದೆ. ಅದು ಕರ್ತವ್ಯ. ಮನಸ್ಸಾದರೆ ಮಾಡು ಅನ್ನುವಂಥದ್ದಲ್ಲ. ಕೆಲವು ಸಭೆಗಳು ಈ ಗುಂಪಿಗೆ ‘ಹಿನ್ನೇನು’ ಅಂತ ಹೆಸರಿಡುತ್ತವೆ. ‘ಇಲ್ಲೇ ಇದ್ದೇವೆ’ ಅಂತ ಅರ್ಥ.

ಯಾರನ್ನು ಸೇರಿಸಿಕೊಳ್ಳಬಾರದು ಅನ್ನುವುದು ಇನ್ನೂ ಮುಖ್ಯ. ಬುದ್ಧಿ ಹೇಳುವ ಚಟ ಇರುವವರು ಬೇಡ. ‘ವಾಕಿಂಗ್ ಮಾಡಿ, ಎಲ್ಲಾ ಸರಿಹೋಗುತ್ತೆ’ ಅನ್ನುವವರು ಬೇಡ. ಸುದ್ದಿ ಹೊರುವವರಂತೂ ಬೇಡವೇ ಬೇಡ. ಇನ್ನೊಬ್ಬರ ವಿಷಯ ಆಡಿಕೊಳ್ಳುವುದಕ್ಕೆ ಇವರಲ್ಲಿ ಲಾಶೋನ್ ಹಾರಾ ಅನ್ನುತ್ತಾರೆ. ನಿಜವೇ ಇದ್ದರೂ ಆಡಬಾರದು. ಅದು ಮೂವರನ್ನು ಕೊಲ್ಲುತ್ತದೆ, ಆಡಿದವನನ್ನು, ಕೇಳಿದವನನ್ನು, ಯಾರ ಬಗ್ಗೆ ಆಡಿದರೋ ಅವನನ್ನು ಅಂತ ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಗುಟ್ಟು ಕಾಯಲು ಬೇರೆ ನಿಯಮ ಯಾಕೆ ಬೇಕು? ಇದನ್ನೇ ಮೊದಲ ಮೀಟಿಂಗ್‌ನಲ್ಲಿ ಓದಿದರೆ ಸಾಕು. ಒಂದೇ ಒಂದು ವಿನಾಯಿತಿ, ಜೀವಕ್ಕೆ ಅಪಾಯ ಇದ್ದಾಗ. ಅದನ್ನೂ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಆಮೇಲೆ ಎಲ್ಲರಿಗೂ ಮೆಂಟಲ್ ಹೆಲ್ತ್ ಫಸ್ಟ್ ಏಡ್, ಅಂದರೆ ಮನಸ್ಸು ಕುಗ್ಗಿದವರಿಗೆ ಮೊದಲ ನೆರವು ಕೊಡುವ ತರಬೇತಿ ಕೊಡಿಸಿ. 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಗಿ ಈಗ ಅನೇಕ ದೇಶಗಳಲ್ಲಿರುವ ಕೋರ್ಸ್ ಇದು. ಒಂದು ದಿನ ಬಿಡುವು ಮಾಡಿಕೊಂಡರೆ ಆಯಿತು.

ಮೊದಲ ಫೋನ್

ಎಲ್ಲರೂ ಎಡವುವುದು ಇಲ್ಲೇ. ‘ಏನಾದರೂ ಬೇಕಿದ್ದರೆ ಹೇಳಿ’ ಅಂತ ಹೇಳಿ ಫೋನ್ ಇಡುತ್ತಾರೆ. ಹಾಸಿಗೆ ಬಿಟ್ಟು ಏಳಲಾಗದವರು ತಮಗೇನು ಬೇಕು ಅಂತ ಯೋಚಿಸಿ, ಸಂಕೋಚ ಬಿಟ್ಟು, ಫೋನ್ ಮಾಡಿ ಕೇಳುತ್ತಾರಾ? ಒಂದು ಸಲ ನನ್ನ ಎದುರಿಗೇ ಅಜ್ಜಿ ಫೋನ್ ಮಾಡಿದ್ದರು. ಅವರು ಹೇಳಿದ್ದು ಹೆಚ್ಚುಕಮ್ಮಿ ಇಷ್ಟೇ:

“ಎರಡು ಶಬ್ಬತ್‌ನಿಂದ ನಿಮ್ಮ ಕುರ್ಚಿ ಖಾಲಿ ಇತ್ತು. ಸುಮ್ನೆ ಮಾಡಿದೆ. ಮಾತಾಡೋಕೆ ಮನಸ್ಸಿಲ್ಲ ಅಂದ್ರೆ ಇಟ್ಟುಬಿಡಿ, ನಂಗೇನೂ ಬೇಜಾರಿಲ್ಲ. ಗುರುವಾರ ನಾಲ್ಕು ಗಂಟೆಗೆ ಮತ್ತೆ ಮಾಡ್ತೀನಿ.”

ಆ ಕಡೆಯವರು ಇಟ್ಟುಬಿಟ್ಟರು. ಗುರುವಾರ ನಾಲ್ಕಕ್ಕೆ ಅಜ್ಜಿ ಮತ್ತೆ ಮಾಡಿದರು. ಮೂರನೇ ಗುರುವಾರ ಆ ಕಡೆಯಿಂದ ಮಾತು ಬಂತಂತೆ. ನನಗೆ ಗೊತ್ತಿರುವುದು ಅಷ್ಟೇ.

ಯಾಕೆ ಬರಲಿಲ್ಲ ಅಂತ ಕೇಳಲೇಬೇಡಿ ಅನ್ನುತ್ತಾರೆ ಅವರು. ಅದಕ್ಕೆ ಧರ್ಮಗ್ರಂಥದಲ್ಲಿ ಬರುವ ಪ್ರವಾದಿ ಎಲೀಯನ ಕತೆ ಹೇಳಿದರು. ರಾಣಿಗೆ ಹೆದರಿ ಮರುಭೂಮಿಗೆ ಓಡಿಹೋದ ಎಲೀಯ ಒಂದು ಪೊದೆಯ ಕೆಳಗೆ ಬಿದ್ದುಕೊಂಡು, ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂತ ದೇವರನ್ನು ಬೇಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಮುಟ್ಟಿ ಎಬ್ಬಿಸಿ, ‘ಎದ್ದು ತಿನ್ನು’ ಅನ್ನುತ್ತಾನೆ. ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಹೂಜಿ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೇವದೂತ ಎರಡನೇ ಸಲ ಬಂದು ಅದನ್ನೇ ಹೇಳುತ್ತಾನೆ. ಎರಡನೇ ಸಲ ಬಂದನಲ್ಲ, ಅಲ್ಲಿಗೆ ಬೆರಳು ಮಾಡಿ ತೋರಿಸಿದರು ಅಜ್ಜಿ.

ಸೂಪು ಮತ್ತು ಭೇಟಿ

ಹಾರ್ಟ್ ಆಪರೇಷನ್ ಆದವರ ಮನೆ ಬಾಗಿಲಿಗೆ ಹತ್ತು ಟ್ರೇ ಊಟ ಬಂದು ಬೀಳುತ್ತದೆ. ಮಗ ಮಾನಸಿಕ ಆಸ್ಪತ್ರೆಯಿಂದ ಬಂದ ಮನೆಗೆ ಒಂದೂ ಬರುವುದಿಲ್ಲ. ಬೇಕೂಂತ ಅಲ್ಲ, ಏನು ಹೇಳಬೇಕೋ ತಿಳಿಯದೆ. ಕಮಿಟಿಯ ನಿಯಮ ಸರಳವಾಗಿರಲಿ: ಆ ಮನೆಗೆ ಎಷ್ಟೋ, ಈ ಮನೆಗೂ ಅಷ್ಟೇ. ಬಿಸಾಡುವ ಅಲ್ಯೂಮಿನಿಯಂ ಟ್ರೇನಲ್ಲೇ ಕೊಡಿ. ಪಾತ್ರೆ ತೊಳೆದು ವಾಪಸ್ ಕೊಡಬೇಕು ಅನ್ನುವುದೂ ಕುಗ್ಗಿದ ಮನಸ್ಸಿಗೆ ಒಂದು ಹೊರೆ. ಆ ಮನೆಯವರು ಕೋಷರ್, ಅಂದರೆ ಯಹೂದಿಗಳ ಅಡುಗೆ ಊಟದ ನಿಯಮ, ಎಷ್ಟು ಪಾಲಿಸುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಪ್ರೀತಿಯಿಂದ ಮಾಡಿದ ಅಡುಗೆ ಕಸಕ್ಕೆ ಹೋಗುತ್ತದೆ. ನನ್ನ ಬೇಳೆಸಾರಿಗೂ ಇದೇ ಗತಿ. ನನ್ನ ಅಡುಗೆಮನೆ ಕೋಷರ್ ಅಲ್ಲವಲ್ಲ, ಹಾಗಾಗಿ ನಾನು ಡ್ರೈವರ್ ಮಾತ್ರ.

ಒಳಗೆ ಕರೆದರೆ ಹೋಗಿ. ಬೆಳಿಗ್ಗೆ ತುಂಬಾ ಬೇಗ, ಸಂಜೆ ತುಂಬಾ ತಡ ಬೇಡ. ಮಲಗಿದವರ ತಲೆ ಮೇಲೆ ನಿಂತು ಮಾತಾಡಬೇಡಿ, ಅವರ ಮಟ್ಟಕ್ಕೆ ಕೂತುಕೊಳ್ಳಿ. ಎರಡೂ ಹಳೆಯ ಗ್ರಂಥಗಳಲ್ಲೇ ಇರುವ ಮಾತು. ಸಾವಾದ ಮನೆಯಲ್ಲಿ ಏಳು ದಿನ ಶಿವಾ, ಅಂದರೆ ಶೋಕ, ಕೂರುತ್ತಾರೆ. ಅಲ್ಲಿ ದುಃಖದಲ್ಲಿರುವವರು ಬಾಯಿ ಬಿಡುವ ತನಕ ಬಂದವರು ಮಾತಾಡಬಾರದು. ಅದನ್ನೇ ಇಲ್ಲೂ ಪಾಲಿಸಿ. ಮೌನ ಐದು ನಿಮಿಷ ಆದರೆ ನಮಗೆ ಚಡಪಡಿಕೆ, ಅವರಿಗಲ್ಲ. ಇಪ್ಪತ್ತು ನಿಮಿಷಕ್ಕೆ ಎದ್ದುಬಿಡಿ. ಒಬ್ಬ ಭೇಟಿಗಾರ ಕಾಯಿಲೆಯ ಅರವತ್ತರಲ್ಲಿ ಒಂದು ಪಾಲು ಹೊತ್ತೊಯ್ಯುತ್ತಾನೆ ಅಂತ ತಾಲ್ಮುದ್‌ನಲ್ಲಿದೆ. ಒಂದು ಪಾಲು, ಅಷ್ಟೇ. ಪೂರ್ತಿ ಗುಣ ಮಾಡಲು ಹೋಗುವುದು ಬೇಡ.

ಪ್ರಾರ್ಥನೆಯಲ್ಲಿ ಹೆಸರು

ಕಾಯಿಲೆಯವರಿಗಾಗಿ ಹೇಳುವ ಮೀ ಶೆಬೇರಖ್ ಪ್ರಾರ್ಥನೆಯಲ್ಲಿ ಹೆಸರಿನ ಜತೆ ತಾಯಿಯ ಹೆಸರು ಸೇರಿಸುವುದು ರೂಢಿ. ಕಾಯಿಲೆ ಯಾವುದು ಅಂತ ಹೇಳುವುದಿಲ್ಲ. ಮನಸ್ಸಿನ ಗುಣ, ದೇಹದ ಗುಣ ಎರಡನ್ನೂ ಬೇಡುತ್ತಾರೆ, ಮನಸ್ಸಿನದ್ದೇ ಮೊದಲು. ಮುರಿದ ಕಾಲು, ಮುರಿದ ಮನಸ್ಸು ಒಂದೇ ಪಟ್ಟಿಯಲ್ಲಿ ಕೂರುತ್ತವೆ. ಹೆಸರು ಓದುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಿ.

ಜೀವದ ಪ್ರಶ್ನೆ ಬಂದರೆ

‘ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ’ ಅನ್ನುವಂಥ ಮಾತು ಬಂದರೆ ಸುತ್ತಿ ಬಳಸಿ ಮಾತಾಡಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಅಮೆರಿಕದಲ್ಲಿ 988 ಸಹಾಯವಾಣಿಗೆ ಕರೆ ಮಾಡಬಹುದು, ಮೆಸೇಜ್ ಕೂಡ ಕಳಿಸಬಹುದು. 2022ರ ಜುಲೈನಿಂದ ದೇಶಕ್ಕೆಲ್ಲ ಇದೇ ನಂಬರ್. ಕರ್ನಾಟಕದಲ್ಲಿ ಓದುತ್ತಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದಿಟ್ಟುಕೊಳ್ಳಿ. ಕನ್ನಡದಲ್ಲೇ ಮಾತಾಡುತ್ತಾರೆ.

ಶಬ್ಬತ್ ದಿನ ಫೋನ್ ಮುಟ್ಟಬಾರದಲ್ಲ? ಮುಟ್ಟಬೇಕು. ಪಿಕುವಾಖ್ ನೆಫೆಶ್, ಅಂದರೆ ಜೀವ ಉಳಿಸುವ ಕೆಲಸ, ಶಬ್ಬತ್‌ಗಿಂತ ದೊಡ್ಡದು. ಫೋನ್ ಮಾಡು, ಕಾರು ಓಡಿಸು, ರಬ್ಬಿಯನ್ನು ಕೇಳುತ್ತ ಹೊತ್ತು ಕಳೆಯಬೇಡ. ಮನಸ್ಸಿನ ಕಾಯಿಲೆಗೂ ಇದು ಅನ್ವಯ ಅಂತ ರಬ್ಬಿಯೇ ಸಭೆಯ ಮುಂದೆ ಹೇಳಬೇಕು. ಜನ ಹಿಂಜರಿಯುವುದು ಅಲ್ಲೇ.

ಹಬ್ಬಕ್ಕೆ ಒಂದು ತಿಂಗಳ ಮೊದಲು

ಪಾಪಕ್ಕೆ ಕ್ಷಮೆ ಬೇಡುವ ಹಬ್ಬ ಯೋಮ್ ಕಿಪ್ಪುರ್ ದಿನ ಸುಮಾರು 25 ಗಂಟೆ ನೀರೂ ಇಲ್ಲದ ಉಪವಾಸ. ಮನಸ್ಸು ಅತಿಯಾಗಿ ಏರಿ ಇಳಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ಇದು ಅಪಾಯ. ದೇಹದಲ್ಲಿ ನೀರು ಕಮ್ಮಿಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಹಾಗಂತ ಮಾತ್ರೆ ತಾವೇ ಬಿಡುವುದೂ ಅಪಾಯ. ಊಟ ಬಿಟ್ಟು ಸೊರಗುವಂಥ ಮನಸ್ಸಿನ ಕಾಯಿಲೆಯಿಂದ ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಹುಡುಗಿಗೆ ಉಪವಾಸ ಇನ್ನೊಂದು ಥರದ ಬಲೆ. ಹಬ್ಬಕ್ಕೆ ಒಂದು ತಿಂಗಳ ಮೊದಲೇ ‘ನಿಮ್ಮ ಡಾಕ್ಟರನ್ನು ಕೇಳಿ’ ಅಂತ ಎಲ್ಲರಿಗೂ ಒಂದೇ ಪತ್ರ ಕಳಿಸಿ, ಆಗ ಯಾರನ್ನೂ ಬೊಟ್ಟು ಮಾಡಿದಂತಾಗುವುದಿಲ್ಲ. ಧರ್ಮದ ಅಡ್ಡಿ ಇಲ್ಲ: ವೈದ್ಯರು ತಿನ್ನಬೇಕು ಅಂದರೆ ರೋಗಿ ಬೇಡ ಅಂದರೂ ತಿನ್ನಿಸಬೇಕು. ವೈದ್ಯರು ಬೇಡ ಅಂದು ರೋಗಿಯೇ ಬೇಕು ಅಂದರೆ ರೋಗಿಯ ಮಾತೇ ನಡೆಯಬೇಕು. ಎರಡು ದಿಕ್ಕಿನಲ್ಲೂ ಜೀವದ ಪರ. ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬದ ಊಟದಲ್ಲಿ ಕುಡಿಯುವ ನಾಲ್ಕು ಬಟ್ಟಲು ವೈನ್‌ಗೆ ಬದಲು ದ್ರಾಕ್ಷಿ ರಸ ನಡೆಯುತ್ತದೆ. ಕುಡಿತ ಬಿಟ್ಟವರು ಕೇಳಿ ಪಡೆಯುವಂತೆ ಮಾಡಬೇಡಿ, ಎಲ್ಲರ ಮೇಜಿನ ಮೇಲೂ ಎರಡೂ ಇಡಿ.

ಭಯದ ದಿನಗಳೂ ಇವೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ನಲ್ಲಿ ಗುಂಡಿಗೆ 11 ಜನ ಸತ್ತರು. ಈಗಲೂ ಬಾಗಿಲಲ್ಲಿ ಗಾರ್ಡ್ ನೋಡಿಯೇ ಕೆಲವರಿಗೆ ಎದೆ ಬಡಿದುಕೊಳ್ಳುತ್ತದೆ. ಆ ತಾರೀಕಿನ ವಾರ ಫೋನ್ ಪಟ್ಟಿ ಉದ್ದ ಇಟ್ಟುಕೊಳ್ಳಿ.

ಹೊರುವವರನ್ನು ಯಾರು ಹೊರುವುದು

ತಾಲ್ಮುದ್‌ನಲ್ಲಿ ರಬ್ಬಿ ಯೋಹಾನನ್ ಅಂತ ಒಬ್ಬರಿದ್ದಾರೆ. ಕಾಯಿಲೆಯವರ ಹತ್ತಿರ ಹೋಗಿ, ‘ಕೈ ಕೊಡು’ ಅಂತ ಕೈ ಹಿಡಿದು ಎಬ್ಬಿಸುತ್ತಿದ್ದರು. ಆಮೇಲೆ ಅವರೇ ಮಲಗಿದರು. ಇನ್ನೊಬ್ಬ ರಬ್ಬಿ ಬಂದು ಕೈ ಹಿಡಿದು ಎಬ್ಬಿಸಬೇಕಾಯಿತು. ತಾವೇ ಏಳಬಹುದಿತ್ತಲ್ಲ ಅಂತ ಪ್ರಶ್ನೆ. ಕೈದಿ ತನ್ನ ಸೆರೆಯ ಬೀಗ ತಾನೇ ತೆಗೆಯಲಾರ ಅನ್ನುವುದು ಉತ್ತರ. ಅದಕ್ಕೇ ಒಬ್ಬರ ಕೈಗೆ ಒಂದು ಸಲಕ್ಕೆ ಎರಡೇ ಹೆಸರು ಕೊಡಿ. ಮೂರು ತಿಂಗಳಿಗೆ ಒಂದು ಬಿಡುವು. ಕಮಿಟಿಯವರೂ ಪಟ್ಟಿಯಲ್ಲಿ ಇರಲಿ. ಕಳೆದ ಚಳಿಗಾಲದಲ್ಲಿ ಅಜ್ಜಿಯ ಮನೆ ಮೆಟ್ಟಿಲ ಮೇಲೂ ಎರಡು ವಾರ ಅಲ್ಯೂಮಿನಿಯಂ ಟ್ರೇ ಕಂಡವು. ನಾನೂ ಯಾಕೆ ಅಂತ ಕೇಳಲಿಲ್ಲ.

ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ತಿಂಗಳು ಯಾರನ್ನು ನೋಡಿಲ್ಲ? ಹೆಸರು ಹಂಚಿಕೊಂಡ ಮೇಲೆ ಹಳೆಯ ಚೀಟಿಗಳನ್ನು ಹರಿದು ಹಾಕಿ. ಕಂಪ್ಯೂಟರಿಗೆ ಹಾಕಬೇಡಿ.