ನೀರು ಯಾರ ಹೊಲಕ್ಕೆ ಬಂತು: ಜಲಾನಯನ ಯೋಜನೆಯೊಂದರ ಮೌಲ್ಯಮಾಪನ ಮಾಡಿದ ಅನುಭವ

ಚಿತ್ರದುರ್ಗ ಜಿಲ್ಲೆಯ ಒಂದು ಜಲಾನಯನ ಯೋಜನೆ, ಅಂದರೆ ಮಳೆ ನೀರು ಹರಿದುಹೋಗದಂತೆ ತಡೆದು ಇಂಗಿಸಿ ಮಣ್ಣು ಉಳಿಸುವ ಯೋಜನೆ, ಮುಗಿದು ಕೆಲವು ವರ್ಷಗಳಾಗಿದ್ದವು. ಅದರಿಂದ ಊರಿಗೆ ಏನಾಯ್ತು ಅಂತ ನೋಡಿ ವರದಿ ಕೊಡುವ ಕೆಲಸ ನಮ್ಮ ತಂಡಕ್ಕೆ ಬಂತು. ಮೊದಲು ಕೈಗೆ ಸಿಕ್ಕಿದ್ದು ಒಂದು ದಪ್ಪ ಫೈಲು. ಎಷ್ಟು ಹೆಕ್ಟೇರಿಗೆ ಬದು ಹಾಕಿದರು, ಎಷ್ಟು ಚೆಕ್‌ಡ್ಯಾಂ, ಎಷ್ಟು ಕೃಷಿ ಹೊಂಡ, ಎಷ್ಟು ಸಸಿ, ಎಷ್ಟು ಸ್ವಸಹಾಯ ಸಂಘಕ್ಕೆ ಸುತ್ತುನಿಧಿ, ಎಲ್ಲ ಲೆಕ್ಕ ಇತ್ತು. ಅಳತೆ ಪುಸ್ತಕ ಸರಿ ಇತ್ತು. ಫೋಟೋಗಳೂ ಇದ್ದವು. ಆದರೆ ಆ ಫೈಲನ್ನು ಎಷ್ಟು ಸಲ ತಿರುವಿದರೂ ಒಂದು ವಿಷಯ ಮಾತ್ರ ಗೊತ್ತಾಗುತ್ತಿರಲಿಲ್ಲ: ಯಾರ ಹೊಲಕ್ಕೆ ನೀರು ಬಂತು?

ನನಗೆ ಇದೇ ಮುಖ್ಯ ಪ್ರಶ್ನೆ. ಕಟ್ಟಿದ್ದನ್ನು ಎಣಿಸುವುದು ಆಡಿಟ್‌ನವರ ಕೆಲಸ, ಅದೂ ಬೇಕು. ಮೌಲ್ಯಮಾಪನ ಅಂದರೆ ಕಟ್ಟಿದ್ದರಿಂದ ಬದುಕು ಬದಲಾಯಿತಾ, ಯಾರ ಬದುಕು ಬದಲಾಯಿತು, ಆ ಬದಲಾವಣೆಗೆ ಯೋಜನೆಯೇ ಕಾರಣವಾ ಅಂತ ಹುಡುಕುವುದು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ 2008ರ ಸಾಮಾನ್ಯ ಮಾರ್ಗಸೂಚಿಯ ಪ್ರಕಾರ ನಡೆದ ಸಮಗ್ರ ಜಲಾನಯನ ಯೋಜನೆ ಇದು. ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 12,000 ರೂಪಾಯಿ, ಗುಡ್ಡಗಾಡು ಮತ್ತು ಕಷ್ಟದ ಪ್ರದೇಶಕ್ಕೆ 15,000. ಅದರಲ್ಲಿ ಮೌಲ್ಯಮಾಪನಕ್ಕೆ ಶೇ 1. ಐದು ಸಾವಿರ ಹೆಕ್ಟೇರಿನ ಯೋಜನೆ ಅಂದರೆ ಆರು ಕೋಟಿ, ಅದರಲ್ಲಿ ಆರು ಲಕ್ಷ. ಈ ದುಡ್ಡಿನಲ್ಲೇ ಶುರುವಿನಿಂದ ಕೊನೆಯವರೆಗಿನ ಮೌಲ್ಯಮಾಪನ ಎಲ್ಲ ಆಗಬೇಕು. ಹಾಗಾಗಿ ಎಲ್ಲಿ ಕಾಲು ಸವೆಸಬೇಕು ಅನ್ನುವುದನ್ನು ಮೊದಲೇ ಯೋಚಿಸಿಕೊಳ್ಳಬೇಕಾಗುತ್ತದೆ.

ನಮ್ಮ ಮೊದಲ ತಲೆನೋವು ಮಳೆ. 2022ರಲ್ಲಿ ಈ ಸೀಮೆಯಲ್ಲಿ ಎಂಥ ಮಳೆ ಆಯ್ತು ಅಂದರೆ, ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಜನರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ಬತ್ತಿದ ಬೋರ್‌ಗಳಲ್ಲಿ ನೀರು ಬಂತು. ಆ ವರ್ಷ ಯಾವ ಊರಿಗೆ ಹೋಗಿ ಕೇಳಿದ್ದರೂ "ಅಂತರ್ಜಲ ಏರಿದೆ" ಅನ್ನುವ ಉತ್ತರವೇ ಬರುತ್ತಿತ್ತು. ಚೆಕ್‌ಡ್ಯಾಂ ಇದ್ದ ಊರಲ್ಲೂ ಏರಿತ್ತು, ಇಲ್ಲದ ಊರಲ್ಲೂ ಏರಿತ್ತು. ಮರುವರ್ಷ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಅಂತ ಘೋಷಣೆಯಾದವು. ಆಗ ಹೋಗಿ ಕೇಳಿದರೆ ಎಂಥ ಒಳ್ಳೆಯ ಯೋಜನೆಯೂ ದಂಡ ಅಂತ ಕಾಣುತ್ತದೆ. ಮುಂಚೆ ಹೀಗಿತ್ತು, ಈಗ ಹೀಗಿದೆ ಅಂತ ಎರಡು ಅಂಕಿ ಪಕ್ಕಪಕ್ಕ ಇಟ್ಟು "ಯೋಜನೆಯ ಫಲ" ಅಂತ ಬರೆಯುವ ವರದಿಗಳನ್ನು ನಾನು ನಂಬದೇ ಇರುವುದು ಇದಕ್ಕೇ. ಅದು ಬಹಳ ಸಲ ಮಳೆಯ ಮೌಲ್ಯಮಾಪನ ಆಗಿರುತ್ತದೆ.

ಇದಕ್ಕೆ ಮದ್ದು ಪಕ್ಕದ ಊರು. ಅದೇ ಮಣ್ಣು, ಅದೇ ಬೆಳೆ, ಹೆಚ್ಚುಕಡಿಮೆ ಅದೇ ಮಳೆ, ಆದರೆ ಯೋಜನೆ ಬಾರದ ಊರು ಬೇಕು. ಯೋಜನೆಯ ಊರಲ್ಲಿ ಶೇಂಗಾ ಎಕರೆಗೆ ನಾಲ್ಕು ಕ್ವಿಂಟಾಲಿನಿಂದ ಆರಕ್ಕೆ ಏರಿತು ಅಂತ ಇಟ್ಟುಕೊಳ್ಳಿ. ಪಕ್ಕದ ಊರಲ್ಲಿ ನಾಲ್ಕರಿಂದ ಐದಕ್ಕೆ ಏರಿದ್ದರೆ, ಯೋಜನೆಯ ಲೆಕ್ಕಕ್ಕೆ ಹೋಗಬೇಕಾದ್ದು ಒಂದೇ ಕ್ವಿಂಟಾಲು, ಎರಡಲ್ಲ. ಇಷ್ಟೇ ವಿಚಾರ. ಆದರೆ ಸರಿಯಾದ ಪಕ್ಕದ ಊರು ಸಿಗುವುದು ಸುಲಭವಲ್ಲ. ಒಂದು ಊರು ಸಿಕ್ಕಿತು, ನೋಡಿದರೆ ಅಲ್ಲಿ ಉದ್ಯೋಗ ಖಾತರಿಯಲ್ಲಿ ಬದು ಹಾಕಿದ್ದರು. ಇನ್ನೊಂದು ಊರಿಗೆ ದೊಡ್ಡ ಕೆರೆಯ ಅಚ್ಚುಕಟ್ಟಿತ್ತು. ಮೂರನೆಯದು ಹೊಂದಿತು. ಮಳೆ ಹೋಲಿಸಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿ ತೆಗೆದುಕೊಂಡೆವು. ಪಂಚಾಯಿತಿ ಮಟ್ಟದಲ್ಲೇ ಮಾಪಕ ಇರುವುದು ನಮ್ಮ ರಾಜ್ಯದ ದೊಡ್ಡ ಅನುಕೂಲ.

"ಮುಂಚೆ" ಹೇಗಿತ್ತು ಅನ್ನುವುದಕ್ಕೆ ಡಿಪಿಆರ್‌ನಲ್ಲಿ, ಅಂದರೆ ಯೋಜನೆ ಶುರುವಾಗುವ ಮುಂಚೆ ಮಾಡಿದ ಸವಿವರ ವರದಿಯಲ್ಲಿ, ಒಂದು ಸಮೀಕ್ಷೆ ಇತ್ತು. ಆದರೆ ಅದರಲ್ಲಿ ಯಾವ ಮನೆ, ಯಾವ ಸರ್ವೆ ನಂಬರು ಅಂತ ಇರಲಿಲ್ಲ, ಬರೀ ಸರಾಸರಿ. ಆದ್ದರಿಂದ ಉಪಗ್ರಹದ ಚಿತ್ರಗಳ ಮೊರೆ ಹೋದೆವು. ಲ್ಯಾಂಡ್‌ಸ್ಯಾಟ್ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಯೋಜನೆ ಶುರುವಾಗುವ ಮುಂಚಿನ ವರ್ಷಗಳದ್ದೂ ಸಿಗುತ್ತವೆ. ಈಚಿನ ವರ್ಷಗಳಿಗೆ ಸೆಂಟಿನೆಲ್-2 ಇದೆ, ಅದರಲ್ಲಿ ಹತ್ತು ಮೀಟರಿನ ತುಂಡೂ ಕಾಣುತ್ತದೆ. ಜನವರಿ-ಫೆಬ್ರವರಿಯಲ್ಲಿ ಎಷ್ಟು ಹಸಿರಿದೆ ಅಂತ ನೋಡಿದೆವು. ಆ ಹೊತ್ತಿಗೆ ಮಳೆಯಾಶ್ರಿತ ಬೆಳೆ ಕೊಯ್ಲಾಗಿರುತ್ತದೆ, ಇನ್ನೂ ಹಸಿರಿದ್ದರೆ ಅದು ಬಹುಪಾಲು ನೀರು ಸಿಕ್ಕ ಹೊಲ. ಕರ್ನಾಟಕಕ್ಕೆ ಇದು ಹೊಸ ವಿದ್ಯೆಯೇನಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ ಐದು ಜಿಲ್ಲೆಗಳಲ್ಲಿ ನಡೆದಾಗಲೇ ಇಸ್ರೋದ ಆಂಟ್ರಿಕ್ಸ್ ಸಂಸ್ಥೆ ಉಪಗ್ರಹ ಚಿತ್ರ ಇಟ್ಟುಕೊಂಡು ಯೋಜನೆಯ ಜೊತೆಜೊತೆಗೇ ಮೌಲ್ಯಮಾಪನ ಮಾಡಿತ್ತು. ಚಿತ್ರದುರ್ಗವೂ ಆ ಐದರಲ್ಲಿ ಒಂದು.

ಉಪಗ್ರಹಕ್ಕೆ ಹಸಿರು ಕಾಣುತ್ತದೆ, ಆ ಹಸಿರು ಯಾರದ್ದು ಅಂತ ಕಾಣುವುದಿಲ್ಲ. ಅದಕ್ಕೆ ಊರಿಗೇ ಹೋಗಬೇಕು.

ಪಂಚಾಯಿತಿ ಕಟ್ಟೆಯ ಮುಂದೆ ಜನ ಸೇರಿಸಿ "ಯೋಜನೆಯಿಂದ ಅನುಕೂಲ ಆಯ್ತಾ?" ಅಂತ ಕೇಳಿದರೆ ಒಂದೇ ದನಿಯಲ್ಲಿ "ಆಗೈತೆ ಸಾರ್" ಅಂತಾರೆ. ನಾವು ಇನ್ನೊಂದು ಯೋಜನೆ ತರುವವರು ಅಂತ ಅವರ ಲೆಕ್ಕ. ಇನ್ನು ಕೆಲವರು ಅದೇ ಲೆಕ್ಕದಲ್ಲಿ "ನಮಗೇನೂ ಬಂದಿಲ್ಲ" ಅಂತಾರೆ. ಇಬ್ಬರದ್ದೂ ತಪ್ಪಲ್ಲ, ಕೇಳುವ ರೀತಿ ಸರಿಯಿರಬೇಕು. ನಾವು ಯೋಜನೆಯ ಹೆಸರನ್ನೇ ಎತ್ತುತ್ತಿರಲಿಲ್ಲ. ಹೋದ ವರ್ಷ ಏನು ಬಿತ್ತಿದ್ರಿ, ಮೇವು ಎಲ್ಲಿಂದ ತಂದ್ರಿ, ಮನೆಯಲ್ಲಿ ಯಾರಾದರೂ ದುಡಿಯಲು ಹೊರಗೆ ಹೋದ್ರಾ, ಬೋರು ಯಾವ ತಿಂಗಳು ನಿಂತಿತು ಅಂತ ಶುರು ಮಾಡುತ್ತಿದ್ದೆವು. ಚೆಕ್‌ಡ್ಯಾಂ, ಬದು ಎಲ್ಲ ಮಾತಿನ ಕೊನೆಗೆ.

ಬೋರಿನ ನೀರು ಅಳೆಯುವುದಕ್ಕೆ ಒಂದು ಉಪಾಯ ಚೆನ್ನಾಗಿ ಕೆಲಸ ಮಾಡಿತು. ಪಂಪ್‌ಸೆಟ್‌ಗೆ ಮೀಟರ್ ಇರಲಿಲ್ಲ. "ಎಷ್ಟು ಇಂಚು ನೀರು?" ಅಂದರೆ ಎಲ್ಲರೂ ಎರಡು ಇಂಚು ಅಂತಲೇ ಹೇಳುತ್ತಾರೆ. ಅದರ ಬದಲು, "ತ್ರೀಫೇಸ್ ಕರೆಂಟ್ ಬಂದಾಗ ಎಷ್ಟು ಹೊತ್ತು ನೀರು ಕಡಿಯದೆ ಓಡುತ್ತೆ, ಬೇಸಿಗೆಯಲ್ಲಿ ಎಷ್ಟು, ದೀಪಾವಳಿ ಹೊತ್ತಿಗೆ ಎಷ್ಟು?" ಅಂತ ಕೇಳಿದರೆ ನಿಖರವಾಗಿ ಹೇಳುತ್ತಾರೆ. ದಿನಾ ರಾತ್ರಿ ಎದ್ದು ಮೋಟಾರು ಹಾಕುವವರಿಗೆ ಅದು ಮರೆಯುವ ಮಾತಲ್ಲ. ಇಸವಿ ಕೇಳುವ ಬದಲು ನೋಟು ರದ್ದಾದ ವರ್ಷ, ಕೊರೊನಾ ವರ್ಷ, ಮಾರಿಕಣಿವೆ ಕೋಡಿ ಬಿದ್ದ ವರ್ಷ ಅಂತ ಕೇಳಿದರೆ ಎಲ್ಲ ನೆನಪಾಗುತ್ತದೆ. ಹೆಂಗಸರನ್ನು ಬೇರೆಯಾಗಿ, ಮಧ್ಯಾಹ್ನದ ಊಟ ಆದ ಮೇಲೆ ಮಾತಾಡಿಸಿದೆವು. ಮೇವು, ಕುಡಿಯುವ ನೀರಿನ ವಿಷಯದಲ್ಲಿ ಗಂಡಸರ ಉತ್ತರಕ್ಕಿಂತ ಅವರ ಉತ್ತರ ಎಷ್ಟೋ ನಿಚ್ಚಳ.

ಯಾರನ್ನು ಕೇಳಬೇಕು ಅನ್ನುವುದು ಇನ್ನೂ ದೊಡ್ಡ ವಿಷಯ. ನಮಗೆ ಕೊಟ್ಟಿದ್ದು ಫಲಾನುಭವಿಗಳ ಪಟ್ಟಿ. ಅದರಿಂದಷ್ಟೇ ಮನೆ ಆರಿಸಿದರೆ ಫಲ ಸಿಕ್ಕವರನ್ನೇ ಕೇಳಿದ ಹಾಗೆ ಆಗುತ್ತದೆ, ಅಲ್ವಾ? ನಾವು ಪಂಚಾಯಿತಿಯಿಂದ ಎಲ್ಲ ಮನೆಗಳ ಪಟ್ಟಿ ತೆಗೆದುಕೊಂಡು ನಾಲ್ಕು ಗುಂಪು ಮಾಡಿದೆವು: ಮೇಲಿನ ದಿಬ್ಬದ ಹೊಲದವರು, ನಡುವಿನವರು, ಹಳ್ಳದ ದಂಡೆಯವರು, ಹೊಲವೇ ಇಲ್ಲದವರು. ಪ್ರತಿ ಗುಂಪಿನಿಂದ ಚೀಟಿ ಎತ್ತಿದೆವು. ಇಡೀ ಕೆಲಸದಲ್ಲಿ ಬೆಲೆ ಬಾಳುವ ತೀರ್ಮಾನ ಯಾವುದು ಅಂದರೆ ಇದನ್ನೇ ಹೇಳುತ್ತೇನೆ.

ಯಾಕೆಂದರೆ ಚಿತ್ರ ಪೂರ್ತಿ ಬೇರೆಯಾಯಿತು. ಹಳ್ಳದ ದಂಡೆಯ ಹೊಲದವರಿಗೆ ನಿಜಕ್ಕೂ ಒಳ್ಳೆಯದಾಗಿತ್ತು. ಬರದ ವರ್ಷದಲ್ಲೂ ಅವರ ಬೋರು ಪಕ್ಕದ ಊರಿನ ಬೋರುಗಳಿಗಿಂತ ಜಾಸ್ತಿ ದಿನ ನಡೆದಿತ್ತು. ಶೇಂಗಾ ಬಿಟ್ಟು ಈರುಳ್ಳಿ ಹಾಕಿದ್ದರು, ಕೆಲವರು ಅಡಿಕೆ ಇಟ್ಟಿದ್ದರು. ನಡುವಿನ ಹೊಲದವರಿಗೆ ಬದುವಿನಿಂದ ಮಣ್ಣು ಉಳಿದಿತ್ತು, ರಾಗಿ ಇಳುವರಿಯಲ್ಲಿ ಸ್ವಲ್ಪ ಏರಿಕೆ ಇತ್ತು. ದಿಬ್ಬದವರ ಬದುಕಿನಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಹೊಲವೇ ಇಲ್ಲದ, ಕುರಿ ಸಾಕುವ ಹಟ್ಟಿಯವರಿಗೆ ನಷ್ಟವಾಗಿತ್ತು.

ಹಟ್ಟಿಯಲ್ಲಿ ಒಬ್ಬ ಅಜ್ಜಿ ಖಾಲಿ ರೊಪ್ಪದ ಪಕ್ಕ ಕೂತು ಮಾತಾಡಿದರು. ಮುಳ್ಳಿನ ಬೇಲಿ ಅರ್ಧ ಬಿದ್ದಿತ್ತು.

"ಕುರಿ ಎಲ್ಲಿ ಅಜ್ಜಿ?"

"ಮಾರಿದ್ವಿ ಕಣಪ್ಪ. ಗುಡ್ಡದಾಗೆ ಗುಂಡಿ ಹೊಡೆದು ಗಿಡ ನೆಟ್ರು. ಮೂರು ವರ್ಸ ಕುರಿ ಬಿಡಬ್ಯಾಡ್ರಿ ಅಂದ್ರು. ಮೇವಿಗೆ ಎಲ್ಲಿಗ್ ಹೋಗಾದು?"

"ಸಭೆಗೆ ನಿಮ್ಮನ್ನ ಕರೀಲಿಲ್ವಾ?"

"ಸಭೆ ಊರೊಳಗೆ ಆಯ್ತಂತೆ."

ಮೇಲೆ ಗುಡ್ಡಕ್ಕೆ ಹತ್ತಿ ನೋಡಿದೆವು. ಕಂದಕಗಳು ಅರ್ಧ ಮುಚ್ಚಿದ್ದವು. ನೆಟ್ಟ ಗಿಡಗಳಲ್ಲಿ ಬದುಕಿದ್ದವು ಅಲ್ಲೊಂದು ಇಲ್ಲೊಂದು. ಹುಲ್ಲು ಮಾತ್ರ ಚೆನ್ನಾಗಿ ಬಂದಿತ್ತು. ಆದರೆ ಆ ಹೊತ್ತಿಗೆ ಮೇಯಲು ಕುರಿಗಳೇ ಇರಲಿಲ್ಲ. ನೀರನ್ನು ಮೇಲಿನಿಂದ ಕೆಳಕ್ಕೆ ತಡೆಯುತ್ತ ಬರಬೇಕು ಅನ್ನುವುದು ಜಲಾನಯನದ ಮೂಲ ಪಾಠ, ಅದು ಸರಿಯಾದ ಪಾಠ. ಅದರಂತೆ ಮೇಲಿನವರು ಜಾಗ ಬಿಟ್ಟುಕೊಟ್ಟರು, ನೀರು ಸೇರಿದ್ದು ಕೆಳಗಿನವರಿಗೆ. ಬಿಟ್ಟುಕೊಟ್ಟವರಿಗೆ ಏನು ಕೊಡಬೇಕು ಅನ್ನುವ ಒಂದು ಸಾಲೂ ಆ ದಪ್ಪ ಫೈಲಿನಲ್ಲಿ ಇರಲಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಚೆಕ್‌ಡ್ಯಾಂಗಳ ಸ್ಥಿತಿ ನೋಡಲು ನಮ್ಮ ಜೊತೆ ಒಂದು ಕಬ್ಬಿಣದ ಸರಳು, ಒಂದು ಟೇಪು ಇತ್ತು. ಅಣೆಯ ಹಿಂದೆ ಸರಳು ಚುಚ್ಚಿದರೆ ಗಟ್ಟಿ ನೆಲ ಸಿಗುವವರೆಗೆ ಎಷ್ಟು ಹೂಳಿದೆ ಅಂತ ಗೊತ್ತಾಗುತ್ತದೆ. ಒಂದು ಕಡೆ ಸರಳು ಆಳುದ್ದ ಇಳಿಯಿತು, ಅಣೆಯಲ್ಲಿ ನೀರು ನಿಲ್ಲಲು ಜಾಗವೇ ಉಳಿದಿರಲಿಲ್ಲ. ಇನ್ನೊಂದು ಕಡೆ ನೆಲ ಬೇಗ ಸಿಕ್ಕಿತು. ವಿಚಾರಿಸಿದರೆ, ಅಲ್ಲಿನ ರೈತರು ಪ್ರತಿ ಬೇಸಿಗೆ ಟ್ರ್ಯಾಕ್ಟರಿನಲ್ಲಿ ಹೂಳು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಯೋಜನೆ ಮುಗಿದ ಮೇಲಿನ ನಿರ್ವಹಣೆ ಅಂದರೆ ಇದೇ. ಜಿಯೋಟ್ಯಾಗ್ ಮಾಡಿದ, ಅಂದರೆ ತೆಗೆದ ಜಾಗದ ಗುರುತು ಜೊತೆಗಿರುವ ಫೋಟೋದಲ್ಲಿ ಈ ಎರಡು ಅಣೆಗಳೂ ಒಂದೇ ತರಹ ಕಾಣುತ್ತವೆ. ಫೋಟೋ ಬೇಡ ಅನ್ನುತ್ತಿಲ್ಲ. ಜಲಾನಯನ ಕಾಮಗಾರಿಗಳ ಫೋಟೋವನ್ನು ನಕ್ಷೆಯ ಮೇಲೆ ತೋರಿಸುವ ಸೃಷ್ಟಿ-ದೃಷ್ಟಿ ವ್ಯವಸ್ಥೆ ಬಂದ ಮೇಲೆ ಕಾಮಗಾರಿ ಎಲ್ಲಿದೆ ಅಂತ ಹುಡುಕುವ ಕಷ್ಟ ತಪ್ಪಿದೆ. ಆದರೆ ಫೋಟೋ ಅಣೆಯ ಮುಖ ತೋರಿಸುತ್ತದೆ, ಹೊಟ್ಟೆಯೊಳಗೆ ಏನಿದೆ ಅಂತ ತೋರಿಸುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ನಮ್ಮ ನಮೂನೆಯಲ್ಲಿ ನಾವೇ ಸೇರಿಸಿದ್ದೆವು: ಕೆಳಗಿನ ಕೆರೆ ಏನಾಯ್ತು? ಮೇಲೆ ಹತ್ತಾರು ಕಡೆ ನೀರು ತಡೆದರೆ ಕೆಳಗಿನ ಊರಿನ ಕೆರೆಗೆ ಬರುವುದು ಕಡಿಮೆಯಾಗಬಹುದು. ಆ ಊರು ಯೋಜನೆಯ ಗಡಿಯ ಹೊರಗಿತ್ತು, ಯಾರೂ ಕೇಳಲು ಹೋಗಿರಲಿಲ್ಲ. ಕೆರೆ ಯಾವಾಗ ಯಾವಾಗ ಕೋಡಿ ಬಿದ್ದಿತ್ತು ಅಂತ ನೀರಗಂಟಿ ಬೆರಳು ಮಡಚಿ ಹೇಳಿದರು. ಮಳೆಯ ಅಂಕಿ ಪಕ್ಕದಲ್ಲಿಟ್ಟು ನೋಡಿದರೆ, ಸಾಧಾರಣ ಮಳೆಯ ವರ್ಷಗಳಲ್ಲಿ ಕೆರೆಗೆ ಬರುವ ನೀರು ಮೊದಲಿನಷ್ಟಿಲ್ಲ ಅನ್ನುವ ಅನುಮಾನ ಬಲವಾಯಿತು. ಅನುಮಾನ ಅಂತಲೇ ವರದಿಯಲ್ಲಿ ಬರೆದೆವು, ಸಾಬೀತಾಗಿದೆ ಅನ್ನಲಿಲ್ಲ. ಮೇಲೆ ಹೊಸ ಬೋರುಗಳೂ ಬಂದಿದ್ದವು. ಇಂಗಿದ ನೀರು ಕಂಡ ಕೂಡಲೇ ಹೊಸ ಬೋರು ಕೊರೆಸುವುದು, ಅಡಿಕೆ ಹಾಕುವುದು ನಮ್ಮ ಬಯಲುಸೀಮೆಯಲ್ಲಿ ಎಲ್ಲೆಲ್ಲೂ ನಡೆದಿದೆ. ಇಂಗಿಸಿದ್ದಕ್ಕಿಂತ ಎತ್ತುವುದು ಜಾಸ್ತಿಯಾದರೆ ಚೆಕ್‌ಡ್ಯಾಂ ಏನು ಮಾಡೀತು?

ವರದಿ ಬರೆಯುವಾಗ ಒಂದು ವಿಷಯಕ್ಕೆ ಪಟ್ಟು ಹಿಡಿದೆ. ಕರಡು ನೋಡಿದ ಅಧಿಕಾರಿಯೊಬ್ಬರು, "ಒಟ್ಟು ಸರಾಸರಿ ಆದಾಯ ಏರಿದೆ ಅಲ್ವಾ ಸಾರ್, ಅದನ್ನೇ ಸಾರಾಂಶದಲ್ಲಿ ಹಾಕಿ" ಅಂದರು. ಏರಿದ್ದು ನಿಜ. ಆದರೆ ಹಳ್ಳದ ದಂಡೆಯವರ ಅಡಿಕೆಯ ಆದಾಯವನ್ನೂ ಹಟ್ಟಿಯವರು ಕುರಿ ಮಾರಿದ ನಷ್ಟವನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಊರಿನ ಯಾವ ಮನೆಯದ್ದೂ ಅಲ್ಲ. ನಾಲ್ಕು ಗುಂಪಿನ ನಾಲ್ಕು ಸಾಲನ್ನೂ ಮೊದಲ ಪುಟದಲ್ಲೇ ಇಟ್ಟೆವು. ಅವರು ಕೊನೆಗೆ ಒಪ್ಪಿದರು, ಅದಕ್ಕೆ ಅವರಿಗೆ ಕೃತಜ್ಞತೆ ಹೇಳಲೇಬೇಕು. ಗ್ರಾಮಸಭೆಯಲ್ಲೂ ಅದನ್ನು ಓದಿ ಹೇಳಿದೆವು. ಆ ಸಭೆಗೆ ಹಟ್ಟಿಯವರನ್ನು ನಾವೇ ಹೋಗಿ ಕರೆದಿದ್ದೆವು.

ನಮ್ಮಲ್ಲಿ 2011ರಿಂದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇದೆ. ಅಲ್ಲಿನ ವರದಿಗಳನ್ನು ಯಾರು ಬೇಕಾದರೂ ಓದಬಹುದು, ಈ ಕೆಲಸಕ್ಕೆ ಇಳಿಯುವವರು ಮೊದಲು ಕೆಲವನ್ನಾದರೂ ಓದಿ. 2021ರಲ್ಲಿ ಜಲಾನಯನ ಯೋಜನೆಯ ಎರಡನೇ ಸುತ್ತು ಶುರುವಾಯಿತು. ಹೆಕ್ಟೇರಿಗೆ ಬಯಲು ಪ್ರದೇಶದಲ್ಲಿ 22,000, ಗುಡ್ಡಗಾಡು ಮತ್ತು ಕಷ್ಟದ ಪ್ರದೇಶದಲ್ಲಿ 28,000 ರೂಪಾಯಿ. ದುಡ್ಡು ಜಾಸ್ತಿಯಾಗಿದೆ. ಇಂಥ ಕೆಲಸ ಬಂದಾಗೆಲ್ಲ ನಾನು ಒಂದಿಷ್ಟು ಬೇಡಿಕೆ ಮೊದಲೇ ಇಡುತ್ತೇನೆ. ಮೊದಲ ಬದು ಹಾಕುವ ಮುಂಚೆಯೇ ಸರ್ವೆ ನಂಬರಿನ ಸಮೇತ ಮನೆಮನೆಯ ಸಮೀಕ್ಷೆ ಆಗಬೇಕು. ಪಕ್ಕದ ಊರನ್ನೂ ಆಗಲೇ ಗುರುತಿಸಬೇಕು. ನಾಲ್ಕಾರು ತೆರೆದ ಬಾವಿ, ಬೋರುಗಳ ನೀರಿನ ಮಟ್ಟವನ್ನು ಊರಿನ ಹುಡುಗರಿಂದಲೇ ತಿಂಗಳಿಗೊಮ್ಮೆ ಬರೆಸಬೇಕು. ಕೆಳಗಿನ ಕೆರೆ ಪಟ್ಟಿಯಲ್ಲಿ ಇರಬೇಕು. ಗುಡ್ಡ ಮುಚ್ಚುವುದಾದರೆ ಹಟ್ಟಿಯಲ್ಲೇ ಸಭೆ ಮಾಡಿ, ಆ ಮೂರು ವರ್ಷ ಕುರಿಗೆ ಮೇವು ಎಲ್ಲಿಂದ ಬರುತ್ತದೆ ಅಂತ ಯೋಜನೆಯಲ್ಲೇ ಬರೆದು, ಅದಕ್ಕೆ ಹಣ ಇಟ್ಟ ಮೇಲೆ ಗುಂಡಿ ಹೊಡೆಯಬೇಕು.