ಹಾಡು ಕೇಳೋಕೆ ಫೋನೇ ಸಾಕಾ, ಬೇರೆ ಪ್ಲೇಯರ್ ಬೇಕಾ?

ನೀವು ಹಾಡು ಕೇಳುವುದು ಹೆಚ್ಚಾಗಿ ಎಲ್ಲಿ? ಮನೆ, ಆಫೀಸು, ಮೆಟ್ರೋ ಅಂತಾದರೆ ಸ್ಮಾರ್ಟ್‌ಫೋನ್ ಸಾಕು. ಸುಮ್ನೆ ಎರಡೆರಡು ಚಾರ್ಜರ್ ಹೊರುವ ಗೋಳು ಯಾಕೆ?

ನಾನು ಮಾತ್ರ ಫೋನಿನ ಜೊತೆ ಹಾಡಿಗೇ ಅಂತ ಇನ್ನೊಂದು ಸಾಧನ ಇಟ್ಟುಕೊಂಡಿದ್ದೇನೆ. ಊರಿಗೆ ಹೋಗುವ ದಾರಿಯಲ್ಲಿ ಘಾಟಿ ಸಿಗುತ್ತದೆ. ಅಲ್ಲಿ ಸಿಗ್ನಲ್ ಹುಡುಕಿ ಹುಡುಕಿಯೇ ಫೋನಿನ ಬ್ಯಾಟರಿ ಸೊರಗುತ್ತದೆ. ಒಮ್ಮೆ ರಾತ್ರಿ ಬಸ್ಸಿಳಿದಾಗ ಫೋನ್ ಪೂರ್ತಿ ಸತ್ತಿತ್ತು. ಕರೆದುಕೊಂಡು ಹೋಗಲು ಬಂದ ಅಣ್ಣ ಬಸ್ ಸ್ಟ್ಯಾಂಡಿನ ಆ ಬದಿ, ನಾನು ಈ ಬದಿ. ಮುಕ್ಕಾಲು ಗಂಟೆ!

ಆದರೆ ಹೊಸ ಪ್ಲೇಯರ್‌ಗೆ ದುಡ್ಡು ಹಾಕಬೇಡಿ. ಐಪಾಡ್ ಎಂಬ ತನ್ನ ಮ್ಯೂಸಿಕ್ ಪ್ಲೇಯರ್ ತಯಾರಿಕೆಯನ್ನೇ ಆಪಲ್ 2022ರಲ್ಲಿ ನಿಲ್ಲಿಸಿತು. ಬೀರುವಿನಲ್ಲಿ ಹಳೇ ಫೋನ್ ಬಿದ್ದಿರುತ್ತಲ್ವಾ, ಅದನ್ನೇ ತೆಗೆಯಿರಿ. ಹಿಂಬದಿ ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ ಅಂತ ಅರ್ಥ, ಚಾರ್ಜಿಗೆ ಹಾಕಲೇಬೇಡಿ. ಸರಿಯಿದ್ದರೆ ಸಿಮ್ ತೆಗೆದು ಏರೋಪ್ಲೇನ್ ಮೋಡ್ ಹಾಕಿ. ಬ್ಲೂಟೂತ್ ಇಯರ್‌ಫೋನ್ ಇದ್ದರೆ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿಕೊಳ್ಳಬಹುದು.

128 ಕೆಬಿಪಿಎಸ್ (ಅಂದರೆ ಸಾಧಾರಣ ಗುಣಮಟ್ಟದ) ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ತಿನ್ನುತ್ತದೆ. ಅಂದರೆ 32 ಜಿಬಿ ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಹಾಡು ಆರಾಮಾಗಿ ಹಿಡಿಸುತ್ತವೆ. ಒಂದು ಮಾತು: ಹಾಡಿನ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ್ದು ಸಾಮಾನ್ಯವಾಗಿ ಆ ಆ್ಯಪ್‌ನಲ್ಲಷ್ಟೇ ಓಡುತ್ತದೆ, ಕಾರ್ಡಿಗೆ ಕಾಪಿ ಮಾಡಿ ಬೇರೆ ಕಡೆ ಕೇಳಲಾಗದು. ನಿಮ್ಮದೇ ಎಂಪಿ3 ಫೈಲ್ ಬೇಕು. ನಾನು ಹಳೇ ಸಿಡಿಗಳಿಂದ ಇಳಿಸಿಕೊಂಡೆ, ಎರಡು ಭಾನುವಾರ ಹಿಡಿಯಿತು.