ಬಚ್ಚಲುಮನೆ: ಅಂದ ಕೆಡದಂತೆ ಆಸರೆ

ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಲು ಹೊರಟವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಅದಕ್ಕೂ ಮುಂಚೆ, ಮನೆಮಂದಿಯ ಸ್ನಾನವೆಲ್ಲ ಮುಗಿದು ಅರ್ಧ ಗಂಟೆ ಕಳೆದ ಮೇಲೆ ಬಚ್ಚಲ ಬಾಗಿಲಲ್ಲಿ ನಿಂತು, ನೆಲದ ಮೇಲೆ ನೀರು ಎಲ್ಲೆಲ್ಲಿ ಉಳಿದಿದೆ, ಕಮೋಡಿನ ಬುಡದವರೆಗೂ ಹರಿದಿದೆಯೇ, ಬಾಗಿಲ ಚೌಕಟ್ಟಿನ ಬುಡ ಕಪ್ಪಾಗಿದೆಯೇ ಎಂಬುದನ್ನು ನೋಡಿ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕೆಂದು ನಾನು ಹೇಳುತ್ತೇನೆ. ಬಕೆಟ್ಟಿನಿಂದ ನೀರು ಮೊಗೆದು ಮೈಮೇಲೆ ಸುರಿದುಕೊಳ್ಳುವ ರೂಢಿ ನಮ್ಮದಾದ್ದರಿಂದ ಬಚ್ಚಲಿನ ಇಡೀ ನೆಲ ನೆನೆಯುತ್ತದೆ. ದುಬಾರಿ ಸಾಮಾನು ಹಾಕಿಸಿದ ಬಚ್ಚಲು ವರ್ಷ ತುಂಬುವುದರೊಳಗೆ ಕಳೆಗುಂದುವುದೂ, ವಯಸ್ಸಾದವರು ಜಾರಿ ಬೀಳುವುದೂ ಹೆಚ್ಚಾಗಿ ಈ ನೆನೆದ ನೆಲದಿಂದಲೇ. ಆದ್ದರಿಂದ ನೀರಿನ ದಾರಿಯನ್ನೂ ನಡೆದಾಡುವವರ ದಾರಿಯನ್ನೂ ಬೇರ್ಪಡಿಸಿಬಿಟ್ಟರೆ, ಅಂದಕ್ಕೆಂದು ಒಂದು ಖರ್ಚು, ಸುರಕ್ಷತೆಗೆಂದು ಇನ್ನೊಂದು ಖರ್ಚು ಮಾಡುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.

ಬೆಂಗಳೂರು, ಮೈಸೂರುಗಳ 30x40 ಅಡಿ ನಿವೇಶನದ ಹಳೆಯ ಮನೆಗಳಲ್ಲಿ ಬಚ್ಚಲು ಸಾಮಾನ್ಯವಾಗಿ 5 ಅಡಿ ಅಗಲ, 7 ಅಥವಾ 8 ಅಡಿ ಉದ್ದ ಇರುತ್ತದೆ. ಇಷ್ಟು ಜಾಗದಲ್ಲಿಯೂ ಬಾಗಿಲ ಪಕ್ಕ ಕೈತೊಳೆಯುವ ಬೇಸಿನ್, ಅದರಾಚೆ ಕಮೋಡ್, ಕೊನೆಯಲ್ಲಿ ಕಿಟಕಿಯ ಬಳಿ ಸ್ನಾನದ ಜಾಗ ಎಂಬ ಕ್ರಮವನ್ನು ಇಟ್ಟುಕೊಂಡರೆ, ರಾತ್ರಿ ಎದ್ದು ಬರುವವರು ಒದ್ದೆಯ ಭಾಗಕ್ಕೆ ಕಾಲಿಡದೆಯೇ ಹೋಗಿಬರಬಹುದು. ಕಮೋಡನ್ನು ಸರಿಸಬೇಕಾದರೆ ಅದರ ಕೊಳವೆಯೂ ಸರಿಯಬೇಕಾಗುತ್ತದೆ. ಸ್ವಂತ ಮನೆಯ ನೆಲಮಹಡಿಯಲ್ಲಿ ಅದು ಕಷ್ಟವಲ್ಲ, ಆದರೆ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಇದ್ದಲ್ಲಿಯೇ ಬಿಟ್ಟು ಉಳಿದವನ್ನು ಹೊಂದಿಸಿಕೊಳ್ಳುವುದೇ ಜಾಣತನ. ಒಣ ಭಾಗವನ್ನು ಬೇರೆ ಮಾಡಲು ಗಾಜಿನ ತಡೆ ಹಾಕಿಸಬೇಕೆಂದು ಮಕ್ಕಳು ಹಟ ಹಿಡಿಯಬಹುದು. ಕೊಳವೆಬಾವಿಯ ಗಡಸು ನೀರು ಬರುವ ಊರಿನಲ್ಲಿ ಆ ಗಾಜಿನ ಮೇಲೆ ಬಿಳಿಯ ಉಪ್ಪಿನ ಪೊರೆ ಕಟ್ಟುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾಳೆ ಮನೆಯ ಹಿರಿಯರಿಗೆ ಸ್ನಾನ ಮಾಡಿಸುವವರು ಪಕ್ಕದಲ್ಲಿ ನಿಲ್ಲಲು ಆ ಗಾಜು ಅಡ್ಡವಾಗುತ್ತದೆ. ಒಳ್ಳೆಯ ದಪ್ಪ ಬಟ್ಟೆಯ ಪರದೆಯೇ ಸಾಕು.

ನೆಲದ ವಾಟದ ವಿಷಯದಲ್ಲಿ ಮಾತ್ರ ಮೇಸ್ತ್ರಿಯ ಅಂದಾಜಿಗೆ ಬಿಡದೆ ನೀವೇ ನಿಂತು ನೋಡಬೇಕು. 8 ಅಡಿ ಉದ್ದಕ್ಕೆ 1ರಿಂದ 1¼ ಇಂಚು ಇಳಿತ ಸಿಕ್ಕರೆ ನೀರು ನಿಲ್ಲದೆ ಹರಿಯುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಊರುಗೋಲು ಹಿಡಿದು ನಿಲ್ಲುವವರಿಗೆ ಕಾಲು ನೆಟ್ಟಗೆ ಊರಿದಂತೆ ಅನ್ನಿಸುವುದಿಲ್ಲ. ಹಳೆಯ ಕ್ರಮದಲ್ಲಿ ಒಂದು ಮೂಲೆಗೆ ನಹಾನಿ ಟ್ರ್ಯಾಪ್ (ನೆಲದ ನೀರು ಇಳಿದುಹೋಗುವ ಜಾಲರಿಯ ಕಿಂಡಿ) ಇಟ್ಟು ಎಲ್ಲ ಕಡೆಯಿಂದಲೂ ಅದರತ್ತ ವಾಟ ಕೊಡುತ್ತಾರೆ. ಆಗ ದೊಡ್ಡ ಟೈಲುಗಳನ್ನು ಓರೆಯಾಗಿ ಕತ್ತರಿಸಬೇಕಾಗಿ, ನೆಲ ತೇಪೆ ಹಾಕಿದಂತೆ ಕಾಣುತ್ತದೆ. ಕಿಟಕಿಯ ಕಡೆಯ ಗೋಡೆಯುದ್ದಕ್ಕೂ ಉದ್ದನೆಯ ಚಾನೆಲ್ ಜಾಲರಿ ಕೂರಿಸಿದರೆ ಇಡೀ ನೆಲಕ್ಕೆ ಒಂದೇ ದಿಕ್ಕಿನ ವಾಟ ಸಾಕಾಗುತ್ತದೆ, ಟೈಲುಗಳ ಗೆರೆಗಳೂ ನೇರವಾಗಿ ಉಳಿಯುತ್ತವೆ. ಬಾಗಿಲಲ್ಲಿ ನೀರು ತಡೆಯಲೆಂದು ಎತ್ತರದ ಕಲ್ಲಿನ ಹೊಸ್ತಿಲು ಇಡಬೇಕಾದ ಅಗತ್ಯವೂ ತಪ್ಪುತ್ತದೆ. ಹೊಸ್ತಿಲು ಇರಲೇಬೇಕೆಂದಾದರೆ ಅದು ಅರ್ಧ ಇಂಚು ಮೀರದಿರಲಿ, ಅಂಚುಗಳು ಇಳಿಜಾರಾಗಿರಲಿ, ಏಕೆಂದರೆ ಕಾಲೆಳೆದು ನಡೆಯುವವರಿಗೆ ಒಂದಿಂಚಿನ ಕಲ್ಲೂ ಎಡವುಗಲ್ಲೇ. ಟೈಲ್ಸ್ ಹಾಸುವ ಮೊದಲೂ ಹಾಸಿದ ಮೇಲೂ ರಸಮಟ್ಟ ಇಟ್ಟು, ಬಳಿಕ ಒಂದು ಬಕೆಟ್ ನೀರು ಚೆಲ್ಲಿ ನೋಡಿದ ಹೊರತು ಕೂಲಿಯ ಕೊನೆಯ ಕಂತನ್ನು ಕೊಡಬೇಡಿ.

ಇನ್ನು ಕಾಲ ಕೆಳಗಿನ ಟೈಲು. ಪಾಲಿಶ್ ಮಾಡಿದ ಕಡಪ ಕಲ್ಲು, ಕೆಂಪು ರೆಡ್ ಆಕ್ಸೈಡ್ ನೆಲ, ಹೊಳೆಯುವ ವಿಟ್ರಿಫೈಡ್ ಟೈಲು ಇವು ಮೂರೂ ನೋಡಲು ಚೆಂದ, ನೆನೆದಾಗ ಅಪಾಯ. ಟೈಲಿನ ಪೆಟ್ಟಿಗೆಯ ಮೇಲೋ ಕಂಪನಿಯ ಪಟ್ಟಿಯಲ್ಲೋ ಆರ್ 10, ಆರ್ 11 ಎಂಬ ಗುರುತು ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಜಾರುವುದು ಕಡಿಮೆ, ಸ್ನಾನದ ಜಾಗಕ್ಕೆ ಆರ್ 11 ಹೊಂದುತ್ತದೆ. ಆದರೆ ಆ ಗುರುತು ಪಾದರಕ್ಷೆ ತೊಟ್ಟು ನಡೆಯುವ ಪರೀಕ್ಷೆಯಿಂದ ಬಂದದ್ದು, ನಾವು ಸ್ನಾನ ಮಾಡುವುದು ಬರಿಗಾಲಲ್ಲಿ. ಅಲ್ಲದೆ ಯುಗಾದಿಗೂ ನರಕ ಚತುರ್ದಶಿಗೂ ಎಣ್ಣೆ ಹಚ್ಚಿಕೊಂಡು ನೀರೆರೆದುಕೊಳ್ಳುವ ಮನೆಗಳಲ್ಲಿ ನೆಲದ ಮೇಲೆ ಬೀಳುವುದು ಬರೀ ನೀರಲ್ಲ. ಹಾಗಾಗಿ ಅಂಗಡಿಯಿಂದ ಒಂದು ಮಾದರಿ ಟೈಲು ಕೇಳಿ ತಂದು, ಅದರ ಮೇಲೆ ಸೋಪಿನ ನೀರನ್ನೂ ಎರಡು ಹನಿ ಕೊಬ್ಬರಿ ಎಣ್ಣೆಯನ್ನೂ ಹಾಕಿ, ಕುರ್ಚಿಯ ಮೇಲೆ ಕುಳಿತು ಅಂಗಾಲಿನಿಂದ ಉಜ್ಜಿ ನೋಡುವುದು ಒಳ್ಳೆಯದು. ಅದೇ ಟೈಲನ್ನು ಬ್ರಷ್ಷಿನಿಂದ ತಿಕ್ಕಿದಾಗ ಕೊಳೆ ಬಿಡುತ್ತದೆಯೇ ಎಂದೂ ನೋಡಿಕೊಳ್ಳಿ, ಏಕೆಂದರೆ ಬಹಳ ಒರಟಾದದ್ದು ಜಾರದಿದ್ದರೂ ತೊಳೆಯುವವರ ಸೊಂಟ ಮುರಿಯುತ್ತದೆ. ಸ್ನಾನದ ಜಾಗಕ್ಕೆ ಚಿಕ್ಕ ಅಳತೆಯ ಟೈಲುಗಳನ್ನು ಆರಿಸಿದರೆ ನಡುವಣ ಸಂದುಗಳೇ ಕಾಲಿಗೆ ಹಿಡಿತ ಕೊಡುತ್ತವೆ. ಆ ಸಂದುಗಳಿಗೆ ಸಿಮೆಂಟಿನ ಬದಲು ನೀರು ಹೀರದ ಎಪಾಕ್ಸಿ ಅಂಟು ತುಂಬಿಸಿದರೆ ಅವು ಬೇಗ ಕಪ್ಪಾಗುವುದಿಲ್ಲ. ಕಲ್ಲೇ ಬೇಕೆನ್ನುವವರು ನಮ್ಮ ಸಾದರಹಳ್ಳಿಯ ಬೂದು ಬಣ್ಣದ ಕಲ್ಲನ್ನು ಬೆಂಕಿಯಿಂದ ಒರಟು ಮಾಡಿಸಿ ಹಾಕಿಸಬಹುದು, ಅದರ ಗಾಂಭೀರ್ಯ ಯಾವ ಇಟಲಿಯ ಟೈಲಿಗೂ ಕಡಿಮೆಯಲ್ಲ. ಕೋಲಾರ, ತುಮಕೂರು ಕಡೆಯ ಗಡಸು ನೀರಿನ ಮನೆಗಳಿಗೆ ಕಪ್ಪು ಟೈಲು, ಕಪ್ಪು ನಲ್ಲಿ ಬೇಡವೇ ಬೇಡ. ಮರಳಿನ ಬಣ್ಣ, ತಿಳಿ ಬೂದು ಬಣ್ಣಗಳು ಉಪ್ಪಿನ ಕಲೆಯನ್ನು ಮರೆಸುತ್ತವೆ.

ಕಣ್ಣಿಗೆ ಕಾಣದಿದ್ದರೂ ಹಣ ಹಾಕಲೇಬೇಕಾದ ಇನ್ನೊಂದು ಕಡೆ ಗೋಡೆಯ ಒಳಗಿದೆ. ಇತ್ತೀಚಿನ ಮನೆಗಳ ಒಳಗೋಡೆಗಳನ್ನು ಹಾಲೋ ಬ್ಲಾಕಿನಲ್ಲೋ ಹಗುರ ಬ್ಲಾಕಿನಲ್ಲೋ ಕಟ್ಟಿರುವುದುಂಟು. ಅಂಥ ಗೋಡೆಗೆ ಸಾಮಾನ್ಯ ಸ್ಕ್ರೂ ಹೊಡೆದು ಕೂರಿಸಿದ ಹಿಡಿಕಂಬಿ, ಯಾರಾದರೂ ಮೈಭಾರ ಬಿಟ್ಟು ಹಿಡಿದ ದಿನ ಗೋಡೆಯ ಚೂರಿನೊಂದಿಗೆ ಕೈಗೆ ಬರುತ್ತದೆ. ಟೈಲ್ಸ್ ಅಂಟಿಸುವ ಮುನ್ನವೇ ಕಮೋಡಿನ ಪಕ್ಕ, ಸ್ನಾನದ ಜಾಗ ಹಾಗೂ ಬಾಗಿಲ ಬಳಿಯ ಗೋಡೆಗಳಲ್ಲಿ, ನೆಲದಿಂದ ಎರಡು ಅಡಿಯಿಂದ ಮೂರೂವರೆ ಅಡಿಯವರೆಗಿನ ಪಟ್ಟಿಯನ್ನು ಕಾಂಕ್ರೀಟ್ ತುಂಬಿ ಗಟ್ಟಿ ಮಾಡಿಸಿ. ಕಂಬಿ ಇವತ್ತೇ ಬೇಡವೆನಿಸಿದರೂ ಹತ್ತು ವರ್ಷ ಕಳೆದ ಮೇಲೆ ಟೈಲು ಒಡೆಯದೆ ಕೂರಿಸಬಹುದು. ಕಂಬಿಯ ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು, ಗೋಡೆಗೂ ಕಂಬಿಗೂ ನಡುವೆ ಒಂದೂವರೆ ಇಂಚು ಸಂದು ಇರಬೇಕು. ಸಂದು ಹೆಚ್ಚಾದರೆ ಕೈ ಜಾರಿದಾಗ ಮುಂಗೈ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಎತ್ತರವನ್ನು ಯಾವ ಪುಸ್ತಕದಿಂದಲೂ ಎತ್ತಿಕೊಳ್ಳದೆ, ಅದನ್ನು ಬಳಸುವ ಅಜ್ಜಿಯನ್ನೋ ಮಾವನವರನ್ನೋ ಕಮೋಡಿನ ಮೇಲೆ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಸಿ. ಗಾಳಿ ಹೀರಿ ಗೋಡೆಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಗಳನ್ನು ನಾನು ನಂಬುವುದಿಲ್ಲ.

ಹಿಡಿಕಂಬಿ ಎಂದಕೂಡಲೇ ಆಸ್ಪತ್ರೆಯ ನೆನಪಾಗಿ ಮುಖ ಸಿಂಡರಿಸುವವರಿದ್ದಾರೆ. ಬೀಳುವಾಗ ಮನುಷ್ಯ ಹಿಡಿಯುವುದು ಹತ್ತಿರ ಸಿಕ್ಕಿದ್ದನ್ನು, ಅಂದರೆ ಬಹಳ ಸಲ ಟವೆಲ್ ಹಾಕುವ ಸಪೂರ ಸರಳನ್ನು. ಟವೆಲಿಗೆ, ಸೋಪಿನ ಹಲಗೆಗೆ, ಕೈಶವರ್ ತೂಗುಹಾಕುವುದಕ್ಕೆ, ಎಲ್ಲದಕ್ಕೂ ಭಾರ ತಡೆಯುವ ಕಂಬಿಗಳನ್ನೇ ಹಾಕಿಸಿ, ನಲ್ಲಿಗಳ ಬಣ್ಣಕ್ಕೆ ಹೊಂದುವಂತೆ ಆರಿಸಿದರೆ ಬಂದ ನೆಂಟರಿಗೆ ಅವು ಆಸರೆಯ ಕಂಬಿಗಳೆಂದು ತಿಳಿಯುವುದೇ ಇಲ್ಲ.

ಮಂಡಿನೋವಿರುವ ಮನೆಯಲ್ಲಿ ಕುಕ್ಕರಗಾಲಿನ ಕಕ್ಕಸನ್ನು ತೆಗೆಸುವ ಮಾತು ಬಂದೇ ಬರುತ್ತದೆ. ಎರಡು ಬಚ್ಚಲಿದ್ದರೆ ಒಂದರಲ್ಲಿ ಅದನ್ನು ಉಳಿಸಿಕೊಳ್ಳಿ, ಅಭ್ಯಾಸವಾದವರಿಗೆ ಅದೇ ಹಿತ. ಕಮೋಡಿನ ಆಸನ ನೆಲದಿಂದ 17ರಿಂದ 19 ಇಂಚು ಎತ್ತರದಲ್ಲಿದ್ದರೆ ಏಳುವುದು ಸುಲಭ. ಕುಳ್ಳಗಿನವರ ಪಾದ ನೆಲಕ್ಕೆ ಪೂರ್ತಿ ತಾಗುವಂತೆ 17ಕ್ಕೇ ನಿಲ್ಲಿಸಬಹುದು. ಗೋಡೆಗೆ ತೂಗುವ ಕಮೋಡಿನಲ್ಲಿ ಈ ಎತ್ತರ ನಮ್ಮ ಕೈಯಲ್ಲೇ ಇರುತ್ತದೆ, ಕೆಳಗೆ ಒರೆಸುವುದೂ ಸಲೀಸು. ಆದರೆ ನಾಲ್ಕೂವರೆ ಇಂಚಿನ ಗೋಡೆಗೆ ಅದನ್ನು ಕೂರಿಸುವಾಗ ನೆಲಕ್ಕೆ ಬಿಗಿದ ಕಬ್ಬಿಣದ ಚೌಕಟ್ಟು ಕಡ್ಡಾಯ. ಈಗಿರುವ ಕಮೋಡು ಚೆನ್ನಾಗಿದ್ದರೆ ಅದರ ಬುಡದ ಆಕಾರಕ್ಕೇ ಕತ್ತರಿಸಿದ ಎರಡಿಂಚಿನ ಗ್ರಾನೈಟ್ ಪೀಠ ಕೊಟ್ಟರೂ ಆಗುತ್ತದೆ. ಹೆಲ್ತ್ ಫಾಸೆಟ್ (ಶೌಚಕ್ಕೆ ಬಳಸುವ ಕೈಪಿಚಕಾರಿ) ಸೊಂಟ ತಿರುಗಿಸದೆ ಕೈಗೆ ಸಿಗುವಂತೆ ಮುಂದಕ್ಕಿರಲಿ, ಕೊಳಾಯಿಯವರು ಅದನ್ನು ಬೆನ್ನ ಹಿಂದೆ ಕೂರಿಸಿ ಹೋಗುವುದೇ ಹೆಚ್ಚು.

ಸ್ನಾನಕ್ಕೆ ಹಿಂದಿನವರು ಮಣೆ ಹಾಕಿಕೊಂಡು ಕೂರುತ್ತಿದ್ದರು. ಮಂಡಿ ಮಡಚಲಾಗದ ಈ ಕಾಲಕ್ಕೆ ಅದನ್ನೇ ಎತ್ತರಿಸಿ, ಚಾನೆಲ್ ಇರುವ ಗೋಡೆಯನ್ನು ಬಿಟ್ಟು ಪಕ್ಕದ ಗೋಡೆಗೆ ತಾಗಿದಂತೆ 17 ಇಂಚು ಎತ್ತರ, 15 ಇಂಚು ಅಗಲದ ಕಲ್ಲಿನ ಕಟ್ಟೆ ಕಟ್ಟಿಸಿಬಿಡಿ. ಮೇಲ್ಗಲ್ಲು ಒರಟು ಮುಖದ್ದಾಗಿರಲಿ, ಮುಂಭಾಗದ ಅಂಚು ದುಂಡಗಿರಲಿ, ನೀರು ನಿಲ್ಲದಂತೆ ಮುಂದಕ್ಕೆ ತುಸುವೇ ವಾಟವಿರಲಿ. ಬಚ್ಚಲಿಗೆ ಒಂದು ಘನತೆ ತಂದುಕೊಡುವುದು ಇಂಥ ಕಲ್ಲಿನ ಕಟ್ಟೆಯೇ ಹೊರತು ಮಾರುಕಟ್ಟೆಯ ಪ್ಲಾಸ್ಟಿಕ್ ಸ್ಟೂಲಲ್ಲ. ಇದರ ಪಕ್ಕದಲ್ಲಿ ಬಕೆಟ್ ಇಡಲು ಒಂದು ಅಡಿ ಎತ್ತರದ ಇನ್ನೊಂದು ಕಲ್ಲು ಹಾಕಿಸಿ, ಬಕೆಟ್ಟಿಗೆ ನೀರು ಬಿಡುವ ನಲ್ಲಿಯನ್ನು ಅದಕ್ಕೆ ತಕ್ಕಂತೆ ಮೇಲಕ್ಕೆ ಕೊಡಿಸಿದರೆ, ಕುಳಿತವರು ಬಗ್ಗದೆಯೇ ನೀರು ಮೊಗೆಯಬಹುದು. ಇಪ್ಪತ್ತು ಲೀಟರಿನ ಬಕೆಟ್ಟನ್ನು ಎಳೆದಾಡುವ ಕೆಲಸವೂ ಇಲ್ಲ. ನಲ್ಲಿಗಳು ತಿರುಪಿನವಾಗದೆ ಉದ್ದ ಹಿಡಿಯ ಲಿವರ್ ನಲ್ಲಿಗಳಾಗಿದ್ದರೆ ಬೆರಳಿನ ಗಂಟುನೋವಿರುವವರೂ ಅಂಗೈಯಿಂದ ತಳ್ಳಿ ತೆರೆಯಬಹುದು.

ಬಿಸಿನೀರಿನ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳಬೇಕು. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಲೇಬಾರದು, ಅದರಿಂದ ಹೊರಡಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣ ತೆಗೆಯುತ್ತದೆ. ವಿದ್ಯುತ್ ಗೀಸರಿನ ಸ್ವಿಚ್ ಬಾಗಿಲ ಹೊರಗಿರಲಿ, ಆ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದ ಕೂಡಲೇ ಸಾಲನ್ನು ಕಡಿದುಹಾಕುವ ಸ್ವಿಚ್, ಇರಲಿ. ಸೋಲಾರ್ ಇರುವ ಮನೆಯಲ್ಲಿ ಬೇಸಿಗೆಯ ಸಂಜೆ ನೀರು 60 ಡಿಗ್ರಿ ದಾಟಿರುತ್ತದೆ, ಅಷ್ಟು ಬಿಸಿ ಕೆಲವೇ ಸೆಕೆಂಡುಗಳಲ್ಲಿ ಮುದಿ ಚರ್ಮವನ್ನು ಸುಡಬಲ್ಲದು. ಬಿಸಿನೀರು ತಣ್ಣೀರನ್ನು ತಾನೇ ಹದವಾಗಿ ಬೆರೆಸುವ, 38 ಡಿಗ್ರಿಯಲ್ಲಿ ತಡೆಯಿರುವ ಥರ್ಮೋಸ್ಟ್ಯಾಟ್ ಮಿಕ್ಸರ್ ನಲ್ಲಿ ಇದಕ್ಕೆ ತಕ್ಕ ಪರಿಹಾರ. ಕೊಳ್ಳುವ ಮೊದಲು ಅದಕ್ಕೆ ಬೇಕಾದ ನೀರಿನ ಒತ್ತಡವನ್ನು ಕೇಳಿಕೊಳ್ಳಿ: ನಲ್ಲಿಯಿಂದ ಹತ್ತು ಅಡಿ ಮೇಲಿರುವ ಟ್ಯಾಂಕು ಕೊಡುವ ಒತ್ತಡ ಸುಮಾರು 0.3 ಬಾರ್ ಮಾತ್ರ. ಮಳೆಯಂತೆ ಸುರಿಯುತ್ತದೆಂದು ಹಾಕಿಸಿದ ದೊಡ್ಡ ಶವರು ಸೋರುವ ಸೂರಿನಂತೆ ತೊಟ್ಟಿಕ್ಕುವುದಕ್ಕೂ ಇದೇ ಕಾರಣ.

ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ಒಳಹೋಗಲಾಗುವುದಿಲ್ಲ. ಒಳಗಿನ ಚಿಲಕವೂ ಹೊರಗಿನಿಂದ ನಾಣ್ಯದಿಂದಲೋ ಸ್ಕ್ರೂಡ್ರೈವರಿನಿಂದಲೋ ತೆಗೆಯುವಂಥದ್ದಾಗಿರಲಿ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ, ಅಂಗವಿಕಲರೂ ಹಿರಿಯರೂ ಸಲೀಸಾಗಿ ಓಡಾಡಲೆಂಬ ಸುಗಮತೆಯ ಮಾರ್ಗಸೂಚಿ ಬಾಗಿಲಿಗೆ 900 ಮಿ.ಮೀ., ಅಂದರೆ ಸುಮಾರು ಮೂರು ಅಡಿ, ತೆರಪು ಕೇಳುತ್ತದೆ. ಹಳೆಯ ಮನೆಗಳ ಬಚ್ಚಲ ಬಾಗಿಲು ಎರಡೂವರೆ ಅಡಿಯದ್ದಾಗಿರುವುದರಿಂದ, ಬಾಗಿಲ ಮೇಲಿನ ಗೋಡೆಯನ್ನು ಹೊತ್ತ ಲಿಂಟಲ್ ನೋಡಿಕೊಂಡು ಹಿಗ್ಗಿಸಲು ಸಾಧ್ಯವಾದರೆ ಈಗಲೇ ಹಿಗ್ಗಿಸಿ. ಗಾಲಿಕುರ್ಚಿ ಬಂದ ಮೇಲೆ ಗೋಡೆ ಒಡೆಯುವುದು ಯಾರಿಗೂ ಬೇಡ.

ಬೆಳಕಿನ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಕಾಲಿನ ಮಟ್ಟದಲ್ಲಿ ಓಡಾಟ ಕಂಡು ತಾನಾಗಿ ಹತ್ತುವ ಚಿಕ್ಕ ದೀಪವೊಂದು, ಕನ್ನಡಿಯ ಎರಡು ಬದಿಗೆ ಮುಖದ ಮೇಲೆ ನೆರಳು ಬೀಳದ ದೀಪ. ಆದರೆ ಬಿಳಿ ನೆಲದ ಮೇಲೆ ಬಿಳಿ ಕಮೋಡು, ಬಿಳಿ ಗೋಡೆಯ ಮೇಲೆ ಬಿಳಿ ಕಂಬಿ ಇದ್ದರೆ ಪೊರೆ ಬಂದ ಕಣ್ಣಿಗೆ ಎಲ್ಲವೂ ಒಂದೇ ಆಗಿಬಿಡುತ್ತದೆಂಬುದನ್ನು ಬಣ್ಣ ಆರಿಸುವಾಗ ಮರೆಯಬಾರದು.

ಕೆಲಸ ಶುರುವಾದ ಮೇಲೆ ಅವಸರ ಮಾಡಬೇಡಿ, ಮನೆಯಲ್ಲಿ ಒಂದೇ ಬಚ್ಚಲಿದ್ದರೆ ಹಿರಿಯರನ್ನು ಕೆಲವು ವಾರ ಮಗಳ ಮನೆಗೋ ತಮ್ಮನ ಮನೆಗೋ ಕಳುಹಿಸಿಬಿಡಿ. ಹೊಸ ಕೊಳವೆಗಳಿಗೆ ಒತ್ತಡ ಕೊಟ್ಟು ನೋಡಿದ ಮೇಲೆಯೇ ಗೋಡೆ ಮುಚ್ಚಬೇಕು, ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಡಬೇಕು, ಏಕೆಂದರೆ ಮುಂದೆ ಕಂಬಿಗೆಂದು ಡ್ರಿಲ್ ಮಾಡುವವರಿಗೆ ಕೊಳವೆ ಎಲ್ಲಿದೆಯೆಂದು ಹೇಳುವುದು ಆ ಫೋಟೊ ಮಾತ್ರ. ವಾಟರ್‌ಪ್ರೂಫಿಂಗ್ ಆದ ಬಳಿಕ ಜಾಲರಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಮಹಡಿಯ ಮನೆಯಾದರೆ ಕೆಳಗಿನವರ ಸೂರನ್ನು ಈ ಎರಡು ದಿನವೂ ಹೋಗಿ ನೋಡಿ. ಉಳಿದ ಟೈಲುಗಳಲ್ಲಿ ಒಂದೊಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಎತ್ತಿಡಿ, ಅದೇ ಬಣ್ಣ ಮತ್ತೆ ಅಂಗಡಿಯಲ್ಲಿ ಸಿಗುವುದಿಲ್ಲ. ತೊಳೆಯುವವರ ಕೈಗೆ ಆ್ಯಸಿಡ್ ಬಾಟಲಿ ಕೊಡಬೇಡಿ: ಅದು ಸಿಮೆಂಟಿನ ಸಂದುಗಳನ್ನೂ ಶಹಾಬಾದ್, ಕಡಪದಂಥ ಕಲ್ಲುಗಳನ್ನೂ ತಿನ್ನುತ್ತದೆ, ಸ್ಟೀಲಿನ ಕಂಬಿಗೆ ತುಕ್ಕು ತರಿಸುತ್ತದೆ. ಉಪ್ಪಿನ ಕಲೆ ಕಂಡ ನಲ್ಲಿಗೆ ವಾರಕ್ಕೊಮ್ಮೆ ನಿಂಬೆಹೋಳು ಉಜ್ಜಿ, ಹತ್ತು ನಿಮಿಷ ಬಿಟ್ಟು, ನೀರು ಹಾಕಿ ಒಣಬಟ್ಟೆಯಲ್ಲಿ ಒರೆಸಿದರೆ ಆಯಿತು.